ಒಂದು ಗಂಟೆಗೆ ಮೈನ್ ಆಫ್

ಕಂಪ್ಯೂಟರಿನ ಕರ್ನಲ್ ಸತ್ತಾಗ ಕೀಬೋರ್ಡಿನ ದೀಪ ಮಿಣುಕತೊಡಗುತ್ತದೆ. ಪರದೆ ಇದ್ದಲ್ಲೇ ನಿಂತಿರುತ್ತದೆ, ಯಾವ ಕೀ ಒತ್ತಿದರೂ ಕೇಳುವವರಿಲ್ಲ, ಕ್ಯಾಪ್ಸ್ ಲಾಕಿನ ಆ ಪುಟ್ಟ ದೀಪ ಮಾತ್ರ ಹತ್ತುತ್ತ ಆರುತ್ತ ಇರುತ್ತದೆ. ಕರ್ನಲ್ ಎಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು. ಅದೇ ಕೈಚೆಲ್ಲಿದ ಮೇಲೆ ಸ್ವಿಚ್ ಆರಿಸಿ ಮತ್ತೆ ಹಾಕುವುದೊಂದೇ ದಾರಿ. ನಾನು ನೋಡಿಕೊಳ್ಳುತ್ತಿದ್ದ ಒಂದು ಸರ್ವರ್ ಒಂದೇ ವಾರದಲ್ಲಿ ಹೀಗೆ ಆರು ಸಲ ಸತ್ತಿತು. ಆರನೆಯ ಸಲ ಅದನ್ನು ಕೊಂದವಳು ನಾನೇ.

ಸರ್ವರ್ ಇದ್ದದ್ದು ಶಿವಮೊಗ್ಗದ ಕೋಟೆಯ ಹತ್ತಿರ, ಪಾತ್ರೆ ಅಂಗಡಿಯೊಂದರ ಮಹಡಿಯ ಮೇಲಿನ ಡಿಸೈನ್ ಆಫೀಸಿನಲ್ಲಿ. ಫೌಂಡ್ರಿಗಳಿಗೆ ಮರದ ಪ್ಯಾಟರ್ನ್ ಮಾಡಿಕೊಡುವುದು ಅವರ ಕಸುಬು. ಕಬ್ಬಿಣ ಎರೆಯುವ ಮೊದಲು ಮರಳಿನಲ್ಲಿ ಅಚ್ಚು ಮೂಡಿಸಬೇಕು, ಅದಕ್ಕೆ ಆ ವಸ್ತುವಿನದೇ ಆಕಾರದ ಮರ ಬೇಕು, ಅದೇ ಪ್ಯಾಟರ್ನ್. ಶಿವಮೊಗ್ಗದಲ್ಲಿ ಡಿಸೈನರ್ ಡ್ರಾಯಿಂಗ್ ಮಾಡುತ್ತಾನೆ. ಭದ್ರಾವತಿಯ ಜನ್ನಾಪುರದಲ್ಲಿ ಅವರದೇ ಶೆಡ್ ಇದೆ. ಅಲ್ಲಿನ ಆಪರೇಟರ್ ಹೆಣ್ಣುಮಗಳು ಅದೇ ಡ್ರಾಯಿಂಗ್ ತೆರೆದು, ಮರ ಕೊರೆಯುವ ಯಂತ್ರ ಯಾವ ದಾರಿಯಲ್ಲಿ ಓಡಬೇಕೆಂದು ಗುರುತು ಹಾಕುತ್ತಾಳೆ. ಡ್ರಾಯಿಂಗ್ ಫೈಲುಗಳೆಲ್ಲ ಕೋಟೆಯ ಸರ್ವರಿನಲ್ಲಿ. ಎರಡೂ ಊರಿನವರು ಇಂಟರ್‌ನೆಟ್ಟಿನ ಮೂಲಕ ಅದೇ ಫೋಲ್ಡರಿಗೆ ಕೈಹಾಕುವಂತೆ ವ್ಯವಸ್ಥೆ ಮಾಡಿಕೊಟ್ಟಿದ್ದವಳು ನಾನು.

ಮೂರು ತಿಂಗಳ ಹಿಂದೆ ಮಾಲೀಕರು ಗೊಣಗಿದ್ದರು. "ಮೇಡಂ, ಒಂದು ಡ್ರಾಯಿಂಗ್ ಓಪನ್ ಆಗೋಷ್ಟರಲ್ಲಿ ಕೆಳಗೆ ಹೋಗಿ ಕಾಫಿ ಕುಡ್ದು ಬರ್ಬೋದು. ಏನಾದ್ರೂ ಮಾಡಿ." ನಾನು ಮಾಡಿದೆ. ಫೈಲುಗಳನ್ನು ಹಂಚುವ ಹಳೆಯ ಸೇವೆ ಕರ್ನಲ್ಲಿನ ಹೊರಗೆ, ಉಳಿದ ಪ್ರೋಗ್ರಾಮುಗಳ ಹಾಗೆ ಓಡುತ್ತಿತ್ತು. ಅದನ್ನು ತೆಗೆದು, ಕರ್ನಲ್ಲಿನ ಒಳಗೇ ಕೂತು ಕೆಲಸ ಮಾಡುವ ಹೊಸದೊಂದನ್ನು ಹಾಕಿದೆ. ವೇಗ ಹೆಚ್ಚಿತು. ಮಾಲೀಕರು ಫೋನ್ ಮಾಡಿ ಹೊಗಳಿದರು. ಹೊಗಳಿಕೆ ನನ್ನ ಕಸುಬಿನಲ್ಲಿ ಅಪರೂಪ, ಎಲ್ಲ ಸರಿಯಿದ್ದಾಗ ನಮ್ಮ ನೆನಪೇ ಯಾರಿಗೂ ಇರುವುದಿಲ್ಲ. ಹಾಗಾಗಿ ಆ ಮಾತನ್ನು ನಾನು ಒಂದೆರಡು ದಿನ ಮನೆಯಲ್ಲೂ ಹೇಳಿಕೊಂಡು ಓಡಾಡಿದ್ದೆ.

ಸೋಮವಾರ ಮಧ್ಯಾಹ್ನ ಒಂದು ಇಪ್ಪತ್ತಕ್ಕೆ ಮೊದಲ ಫೋನ್ ಬಂತು. ರಾಗಿಗುಡ್ಡದ ಮನೆಯಲ್ಲಿ ತಟ್ಟೆ ಮುಂದೆ ಕೂತಿದ್ದೆ. ಅನ್ನಕ್ಕೆ ಸಾರು ಬಡಿಸಿಕೊಂಡಿದ್ದು ಹಾಗೇ ಉಳಿಯಿತು. ಸ್ಕೂಟರ್ ಹತ್ತಿ ಕೋಟೆಗೆ ಹೋದರೆ ದೀಪ ಮಿಣುಕುತ್ತಿತ್ತು. ಆರಿಸಿ ಹಾಕಿದೆ. ಡಿಸ್ಕ್ ತಪಾಸಣೆ ಮುಗಿಯಲು ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟೂ ಹೊತ್ತು ಡಿಸೈನರ್ ನನ್ನ ಹಿಂದೆ ನಿಂತು ಉಗುರು ಕಚ್ಚುತ್ತಿದ್ದ. ಅವರಿಗೆ ದೊಡ್ಡದೊಂದು ಪಂಪಿನ ಹೊರಕವಚದ ಪ್ಯಾಟರ್ನ್ ಆರ್ಡರ್ ಬಂದಿತ್ತು, ಆ ತಿಂಗಳೊಳಗೆ ಕೊಡಬೇಕಿತ್ತು. ಒಂದೇ ದೊಡ್ಡ ಫೈಲು. ಇವನು ಒಂದು ತುದಿ ತಿದ್ದುವುದು, ಭದ್ರಾವತಿಯಲ್ಲಿ ಅವಳು ಇನ್ನೊಂದು ತುದಿಗೆ ಗುರುತು ಹಾಕುವುದು, ಹೀಗೆ ಕೈ ಬದಲಾಯಿಸುತ್ತ ನಡೆದಿತ್ತು.

ಏನಾಯಿತೆಂದು ಹುಡುಕಿದರೆ ದಾಖಲೆಯಲ್ಲಿ ಏನೂ ಇಲ್ಲ. ಕರ್ನಲ್ ಬಿದ್ದಾಗ ಇರುವ ಕಷ್ಟವೇ ಇದು. ಏನಾಯಿತೆಂದು ಡಿಸ್ಕಿನ ಮೇಲೆ ಬರೆಯಬೇಕಾದದ್ದೂ ಅದೇ, ಬಿದ್ದಿರುವುದೂ ಅದೇ.

ಮಂಗಳವಾರ ಒಂದು ಹತ್ತಕ್ಕೆ ಮತ್ತೆ. ನನಗೆ ಮೊದಲು ಅನುಮಾನ ಬಂದದ್ದು ಮೆಮೊರಿ ಚಿಪ್ಪಿನ ಮೇಲೆ. ಸಂಜೆ ಎಲ್ಲರೂ ಹೊರಟ ಮೇಲೆ ಪರೀಕ್ಷೆಗೆ ಹಾಕಿ ಬಂದೆ, ಬೆಳಿಗ್ಗೆ ಹೋಗಿ ನೋಡಿದರೆ ಒಂದೇ ಒಂದು ತಪ್ಪೂ ಇಲ್ಲ. ಆದರೂ ಕೈ ಸುಮ್ಮನಿರಬೇಕಲ್ಲ, ಎರಡರಲ್ಲಿ ಒಂದು ಚಿಪ್ ಬದಲಾಯಿಸಿದೆ. ಬುಧವಾರ ಇಡೀ ದಿನ ಸರ್ವರ್ ಅಲುಗಾಡಲಿಲ್ಲ. ಸಂಜೆ ಮಾಲೀಕರಿಗೆ, "ಮೆಮೊರಿನೇ ಸರ್, ಹೊಸದು ಹಾಕಿದೀನಿ, ಇನ್ನು ತೊಂದ್ರೆ ಇಲ್ಲ" ಎಂದೆ. ಹಾಗೆ ಹೇಳುವಾಗ ನನ್ನ ದನಿಯಲ್ಲಿದ್ದ ಧೈರ್ಯ ನೆನೆದರೆ ಈಗ ನಾಚಿಕೆಯಾಗುತ್ತದೆ. ಬುಧವಾರ ಡಿಸೈನರ್ ರಜೆ ಹಾಕಿದ್ದ. ಅದನ್ನು ಯಾರೂ ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಗುರುವಾರ ಒಂದು ಇಪ್ಪತ್ತೈದಕ್ಕೆ ಫೋನ್ ಬಂದಾಗ ನಾನು ಬೇರೊಂದು ಆಫೀಸಿನ ಪ್ರಿಂಟರಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದೆ. ಮೊಣಕಾಲು ಹಿಡಿದುಕೊಂಡು ಎದ್ದೆ. ಮೂರು ಸಲವೂ ಮಧ್ಯಾಹ್ನ ಎಂಬುದು ಆಗ ತಲೆಗೆ ಹೊಳೆಯಿತು. ಹೊಳೆದದ್ದು ಸರಿ, ಅರ್ಥ ಮಾಡಿಕೊಂಡದ್ದು ತಪ್ಪು. ಮಧ್ಯಾಹ್ನ ಎಂದರೆ ಬಿಸಿಲು, ಮಹಡಿಗೆ ಶೀಟಿನ ಮಾಡು, ಏಸಿ ಇರುವುದು ಮಾಲೀಕರ ಕೋಣೆಗೆ ಮಾತ್ರ. ಸರ್ವರಿಗೆ ಸೆಕೆ ತಡೆಯಲಾಗುತ್ತಿಲ್ಲ ಎಂದು ತೀರ್ಮಾನಿಸಿ, ಡಬ್ಬಿಯ ಪಕ್ಕದ ಮುಚ್ಚಳ ತೆಗೆದು ಎದುರಿಗೆ ಟೇಬಲ್ ಫ್ಯಾನ್ ಇಟ್ಟೆ. ಮಾಲೀಕರು ಬಾಗಿಲಲ್ಲಿ ನಿಂತು ನೋಡಿದರು.

"ಮದುವೆ ಮನೆಲಿ ಬೀಗರಿಗೆ ಗಾಳಿ ಹಾಕ್ದಂಗೆ ಹಾಕ್ತಿದೀರಲ್ಲ ಮೇಡಂ," ಎಂದರು. ನಗುತ್ತ ಹೇಳಿದರೂ ನಗು ಕಣ್ಣಿನವರೆಗೆ ಬಂದಿರಲಿಲ್ಲ.

ಫ್ಯಾನಿನ ಮೇಲೆ ನನಗೂ ಪೂರ್ತಿ ನಂಬಿಕೆ ಇರಲಿಲ್ಲ. ಹಾಗಾಗಿ ಅದೇ ಸಂಜೆ, ಮೊದಲ ದಿನವೇ ಮಾಡಬೇಕಿದ್ದ ಕೆಲಸವನ್ನು ಮಾಡಿದೆ. ಕರ್ನಲ್ ಬೀಳುವಾಗ ತನ್ನ ಕೊನೆಯ ಸಾಲುಗಳನ್ನು ಡಿಸ್ಕಿಗೆ ಬರೆಯುವ ಬದಲು ನೆಟ್‌ವರ್ಕ್ ತಂತಿಯ ಮೇಲೆ ಪಕ್ಕದ ಕಂಪ್ಯೂಟರಿಗೆ ಎಸೆಯುವಂತೆ ಮಾಡಬಹುದು. ಮನೆಯಿಂದ ಹಳೆಯ ಲ್ಯಾಪ್‌ಟಾಪ್ ತಂದು ಸರ್ವರಿನ ಪಕ್ಕ ಇಟ್ಟೆ. ಬಂದದ್ದನ್ನೆಲ್ಲ ಹಿಡಿದಿಟ್ಟುಕೊಳ್ಳುವುದಷ್ಟೇ ಅದರ ಕೆಲಸ.

ಶುಕ್ರವಾರ ಫ್ಯಾನ್ ಬರ್ರೆಂದು ತಿರುಗುತ್ತಿರುವಾಗಲೇ, ಒಂದು ಹದಿನೈದಕ್ಕೆ, ನಾನು ಎದುರಿಗೆ ಕೂತಿರುವಾಗಲೇ ದೀಪ ಮಿಣುಕಿತು. ಹಳೆಯ ಲ್ಯಾಪ್‌ಟಾಪಿನ ಮೇಲೆ ಐವತ್ತರವತ್ತು ಸಾಲು ಬಂದು ಬಿದ್ದವು. ಓದುತ್ತ ಹೋದೆ. ಮೆಮೊರಿಯೂ ಅಲ್ಲ, ಸೆಕೆಯೂ ಅಲ್ಲ. ಬಿದ್ದಿರುವುದು ಫೈಲು ಹಂಚುವ ಭಾಗದಲ್ಲಿ, ನಾನೇ ಹಾಕಿದ ಆ ಹೊಸ ಸೇವೆಯಲ್ಲಿ. ಆ ಹೊತ್ತಿನಲ್ಲಿ ಫೈಲು ಯಾರ ಕೈಯಲ್ಲಿತ್ತು ಎಂಬುದು ಸರ್ವರ್ ಮತ್ತೆ ಹಾಕಿದ ಮೇಲೆ ಸೇವೆಯ ದಾಖಲೆಯಲ್ಲಿ ಸಿಕ್ಕಿತು. ಹಿಂದಿನ ದಿನಗಳದ್ದನ್ನೂ ತೆಗೆದು ನೋಡಿದೆ. ಎಲ್ಲ ಸಲವೂ ಒಂದೇ ಹೆಸರು, ಭದ್ರಾವತಿಯ ಆಪರೇಟರ್.

ಮಾಲೀಕರು ಬಂದು ಹೆಗಲ ಹಿಂದೆ ನಿಂತರು. "ಗೊತ್ತಾಯ್ತಾ?"

ಬೆಳಿಗ್ಗೆಯಿಂದ ಒಂದು ಲೋಟ ಕಾಫಿಯ ಮೇಲಿದ್ದೆ. ಐದು ದಿನದಲ್ಲಿ ಎರಡು ಸಲ ತಪ್ಪು ಹೇಳಿದ್ದೆ. ಏನಾದರೂ ಒಂದು ಖಚಿತವಾದದ್ದು ಹೇಳಬೇಕೆಂಬ ಆತುರ ನನಗೆ. "ಭದ್ರಾವತಿ ಆಪರೇಟರ್ ಫೈಲ್ ಹಿಡ್ಕೊಂಡಿರೋವಾಗ್ಲೇ ಆಗ್ತಾ ಇದೆ ಸರ್. ಪ್ರತಿ ಸಲನೂ ಅವ್ರ ಹೆಸರೇ ಇದೆ," ಎಂದೆ.

ಹೇಳಿದ್ದು ಸುಳ್ಳಲ್ಲ. ಆದರೆ ಆ ಹೊಸ ಸೇವೆ ಹಾಕಿದವಳು ನಾನು ಎಂಬ ಉಳಿದರ್ಧವನ್ನು ಹೇಳಲಿಲ್ಲ.

"ನಂಗೆ ಅನುಮಾನ ಇತ್ತು," ಎಂದರು ಮಾಲೀಕರು. "ಪೆನ್‌ಡ್ರೈವ್ ಗಿನ್‌ಡ್ರೈವ್ ಹಾಕ್ತಾಳೋ, ಏನೇನ್ ನೋಡ್ತಾಳೋ. ಈ ಆರ್ಡರ್ ಹೋದ್ರೆ ಆ ಫೌಂಡ್ರಿಯವ್ರು ಮತ್ತೆ ನಮ್ಮ ಮೆಟ್ಲು ಹತ್ತಲ್ಲ. ಸೋಮವಾರದಿಂದ ಬೇರೆಯವ್ರನ್ನ ನೋಡ್ತೀನಿ."

"ಒಂದಿನ ಟೈಮ್ ಕೊಡಿ ಸರ್. ನಾಳೆ ನಾನೇ ಹೋಗಿ ನೋಡ್ಕೊಂಡು ಬರ್ತೀನಿ," ಎಂದೆ. ಅವರು ಹ್ಞೂಂ ಎಂದರು. ಆ ಹೆಣ್ಣುಮಗಳನ್ನು ನಾನು ಬಲ್ಲೆ. ಪಾಲಿಟೆಕ್ನಿಕ್ಕಿನಲ್ಲಿ ಡಿಪ್ಲೊಮಾ ಮಾಡಿ, ಮದುವೆಯಾಗಿ ಹತ್ತು ವರ್ಷ ಮನೆಯಲ್ಲಿದ್ದು, ಎರಡು ವರ್ಷದ ಹಿಂದೆ ಈ ಕೆಲಸಕ್ಕೆ ಬಂದವಳು. ಜನ್ನಾಪುರದಲ್ಲಿ ಡ್ರಾಯಿಂಗ್ ಬಲ್ಲ ಹೆಂಗಸಿಗೆ ನಡೆದುಕೊಂಡು ಹೋಗಿ ಮಾಡುವ ಕೆಲಸ ಎಂದರೆ ಅದೊಂದೇ. ಇದನ್ನು ಒಮ್ಮೆ ಅವಳೇ ನನಗೆ ಹೇಳಿದ್ದಳು.

ಶನಿವಾರ ಬೆಳಿಗ್ಗೆ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಮಾಚೇನಹಳ್ಳಿ ಬರುವಷ್ಟರಲ್ಲಿ ನಿದ್ದೆ ಹೋಗಿಬಿಟ್ಟಿದ್ದೆ. ಭದ್ರಾವತಿಯಲ್ಲಿ ಕಂಡಕ್ಟರ್ ಎಬ್ಬಿಸಿದ. ಇನ್ನೊಂದು ಬಸ್ಸು ಹಿಡಿದು ಜನ್ನಾಪುರಕ್ಕೆ ಹೋದಾಗ ಹತ್ತು ಗಂಟೆ.

ಶೆಡ್ಡಿನ ಮುಕ್ಕಾಲು ಭಾಗ ಮರ ಕೊರೆಯುವ ಯಂತ್ರ. ಒಂದು ಮೂಲೆಗೆ ಪ್ಲೈವುಡ್ ಗೋಡೆ ಕಟ್ಟಿ ಆಪರೇಟರಿಗೆ ಜಾಗ ಮಾಡಿದ್ದಾರೆ. ಯಂತ್ರದ ಉಸ್ತುವಾರಿ ಒಬ್ಬ ಮೇಸ್ತ್ರಿಯದು. ಊರಿನ ದೊಡ್ಡ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ಬಿಳಿ ಮೀಸೆ, ಖಾಕಿ ಅಂಗಿ ಇನ್ನೂ ಬಿಟ್ಟಿಲ್ಲ. "ಬನ್ನಿ ಬನ್ನಿ ಅಮ್ಮ, ಏನ್ ಬೆಳಿಗ್ಗೆನೇ," ಎಂದು ಸ್ಟೂಲಿನ ಮೇಲಿನ ಮರದ ಪುಡಿ ಒರೆಸಿ ಕೊಟ್ಟರು.

ನಾನು ಆಪರೇಟರ್ ಪಕ್ಕ ಕೂತೆ. ಅವಳು ಏನು ತೆರೆಯುತ್ತಾಳೆ, ಹೇಗೆ ಉಳಿಸುತ್ತಾಳೆ, ಎಲ್ಲವನ್ನೂ ಬರೆದುಕೊಳ್ಳುತ್ತ ಹೋದೆ. ಪೆನ್‌ಡ್ರೈವ್ ಇಲ್ಲ, ಬೇಡದ ಪ್ರೋಗ್ರಾಮ್ ಒಂದೂ ಇಲ್ಲ. ಹತ್ತು ನಿಮಿಷಕ್ಕೊಮ್ಮೆ ತಪ್ಪದೆ ಸೇವ್ ಮಾಡುತ್ತಾಳೆ. ಇಷ್ಟು ಚೊಕ್ಕವಾಗಿ ಕೆಲಸ ಮಾಡುವವರನ್ನು ನನ್ನ ಗಿರಾಕಿಗಳಲ್ಲಿ ನಾನು ಕಂಡಿರಲಿಲ್ಲ. ಅವಳು ಅಂದು ಮಾತು ಕಡಿಮೆ ಆಡುತ್ತಿದ್ದಳು. ನಡುನಡುವೆ ಒಂದು ನೋಟ್‌ಬುಕ್ ತೆಗೆದು ಏನೋ ಬರೆಯುತ್ತಿದ್ದಳು. ಇಣುಕಿದರೆ, ಯಾವ ಫೋಲ್ಡರಿನಲ್ಲಿ ಏನಿದೆ, ಯಂತ್ರಕ್ಕೆ ಯಾವ ಕಟರ್ ಹಾಕಿದಾಗ ಎಷ್ಟು ವೇಗ ಇಡಬೇಕು, ಹೀಗೆ. ಮರೆಯದಿರಲೆಂದು ಬರೆದುಕೊಳ್ಳುತ್ತಾಳೆ ಎಂದುಕೊಂಡೆ.

ಒಂದು ಗಂಟೆಗೆ ದೂರದಲ್ಲೆಲ್ಲೋ ಸೈರನ್ ಕೂಗಿತು. ಮೇಸ್ತ್ರಿ ಯಂತ್ರ ನಿಲ್ಲಿಸಿ, ಕೈ ಒರೆಸಿಕೊಂಡು, ಬಾಗಿಲ ಪಕ್ಕದ ಕಬ್ಬಿಣದ ಪೆಟ್ಟಿಗೆಯ ಹಿಡಿಯನ್ನು ಕೆಳಕ್ಕೆ ಎಳೆದರು. ಲೈಟು, ಫ್ಯಾನು ಎಲ್ಲ ಒಟ್ಟಿಗೆ ನಿಂತವು. ಆಮೇಲೆ ಪ್ಲೈವುಡ್ ಗೋಡೆಯ ಒಳಗೆ ಬಂದು, ಇಂಟರ್‌ನೆಟ್ ರೂಟರಿಗೆಂದು ನಾನೇ ಇಟ್ಟಿದ್ದ ಬ್ಯಾಟರಿ ಡಬ್ಬಿಯ ಗುಂಡಿಯನ್ನೂ ಒತ್ತಿ ಆರಿಸಿದರು.

"ಅದ್ಯಾಕೆ ಆರಿಸ್ತೀರಿ ಮೇಸ್ತ್ರಿಗಳೇ? ಕರೆಂಟ್ ಹೋದ್ರೂ ಅದು ಉರೀಲಿ ಅಂತಾನೇ ಇಟ್ಟಿದ್ದು!"

"ಒಂದು ದೀಪ ಉರೀತಾ ಇದ್ರೂ ನಂಗೆ ಊಟ ಸೇರಲ್ಲ ಅಮ್ಮ. ಕಾರ್ಖಾನೆಲಿ ಅಷ್ಟು ವರ್ಷ ಇದ್ದೆ, ಸೈರನ್ ಆದ್ಮೇಲೆ ಮೈನ್ ಇಳಿಸ್ದೆ ಊಟಕ್ಕೆ ಹೋದವ್ನಲ್ಲ." ಮತ್ತೆ ತಮ್ಮ ಎಡಗೈಯ ಬೆರಳುಗಳನ್ನು ಮುಂದೆ ಚಾಚಿ, ಮೂರನ್ನು ಮಡಿಸಿ ತೋರಿಸಿದರು. "ನನ್ ಜೊತೆ ಒಬ್ಬ ಇದ್ದ. ಊಟದ ಹೊತ್ತಲ್ಲಿ ಯಂತ್ರ ಒರೆಸ್ತಾ ಇದ್ದ. ಮೈನ್ ಇಳಿಸಿಲ್ಲ. ಯಾರೋ ಬಂದು ಸ್ವಿಚ್ ಒತ್ತಿದ್ರು. ಇಷ್ಟೇ ಉಳೀತು."

"ದಿನಾ ಆರಿಸ್ತೀರಾ?"

"ದಿನಾ. ನೀವು ಯಾವಾಗ್ಲೂ ಬೆಳಿಗ್ಗೆ ಬಂದು ಹೋಗ್ತೀರಿ, ನೋಡಿಲ್ಲ ಅಷ್ಟೇ."

ನಾನು ಆಪರೇಟರ್ ಲ್ಯಾಪ್‌ಟಾಪಿನ ಕಡೆ ತಿರುಗಿದೆ. ಬ್ಯಾಟರಿಯ ಮೇಲೆ ಅದು ಹಾಗೇ ಉರಿಯುತ್ತಿತ್ತು. ಪಂಪಿನ ಫೈಲು ತೆರೆದೇ ಇತ್ತು. "ಊಟಕ್ಕೆ ಹೋಗುವಾಗ ಫೈಲ್ ಮುಚ್ಚಲ್ವಾ?" ಎಂದು ಕೇಳಿದೆ.

"ಮುಚ್ಚೋ ಹೊತ್ತಿಗೆ ಮೇಸ್ತ್ರಿಗಳು ಮೈನ್ ಇಳಿಸಿರ್ತಾರೆ ಮೇಡಂ. ಸೇವ್ ಮಾಡಿರ್ತೀನಿ. ನೀವೇ ಹೇಳಿದ್ರಲ್ಲ, ಸೇವ್ ಮಾಡಿದ್ರೆ ಸಾಕು ಅಂತ."

ಹೇಳಿದ್ದೆ. ಸರ್ವರಿನ ಸಂಪರ್ಕ ಕೊಟ್ಟ ದಿನ ಅದೇ ಮೇಜಿನ ಮುಂದೆ ನಿಂತು ಹೇಳಿದ್ದೆ.

ಹೊರಗೆ ಬೇವಿನ ಮರದ ಕೆಳಗೆ ಕೂತೆವು. ಅವಳು ತನ್ನ ಡಬ್ಬಿಯ ಮುಚ್ಚಳದಲ್ಲಿ ನನಗೆ ಎರಡು ಚಪಾತಿ, ಬದನೆಕಾಯಿ ಪಲ್ಯ ಹಾಕಿಕೊಟ್ಟಳು. ಬೇಡವೆಂದರೂ ಕೇಳಲಿಲ್ಲ. ಮೊದಲ ತುತ್ತು ಬಾಯಿಗಿಡುವಾಗ ಒಂದು ಇಪ್ಪತ್ತೆರಡು. ಫೋನ್ ಹೊಡೆದುಕೊಂಡಿತು. ಡಿಸೈನರ್.

"ಮೇಡಂ, ಮತ್ತೆ ಹೋಯ್ತು."

"ನೀನು ಈಗ ಏನ್ ಮಾಡ್ತಾ ಇದ್ದೆ? ಸರಿಯಾಗಿ ಹೇಳು."

"ಏನಿಲ್ಲ ಮೇಡಂ, ಪಂಪಿನ ಡ್ರಾಯಿಂಗ್ ಓಪನ್ ಮಾಡ್ದೆ. ಊಟಕ್ಕೆ ಹೋಗೋ ಮುಂಚೆ ಒಂದ್ಸಲ ನೋಡೋಣ ಅಂತ. ದಿನಾ ಮಾಡ್ತೀನಿ."

ಚಪಾತಿ ಕೈಯಲ್ಲೇ ಉಳಿಯಿತು. ಈಗ ಎಲ್ಲ ಕೂಡಿಬಂತು. ಫೈಲು ತೆರೆದವರಿಗೆ ಸರ್ವರ್ ಒಂದು ಮಾತು ಕೊಟ್ಟಿರುತ್ತದೆ: ಸದ್ಯಕ್ಕೆ ಇದು ನಿನ್ನದು, ಬೇರೆಯವರು ಕೇಳಿದರೆ ನಾನೇ ನಿನಗೆ ಹೇಳಿ ಬಿಡಿಸಿಕೊಳ್ಳುತ್ತೇನೆ ಎಂದು. ಒಂದು ಗಂಟೆಗೆ ಭದ್ರಾವತಿಯ ಕಡೆ ಸದ್ದಿಲ್ಲದೆ ಮಾಯವಾಗುತ್ತದೆ. ಹೋಗಿಬರುತ್ತೇನೆ ಎಂದು ಹೇಳಿ ಹೋಗಿಲ್ಲವಾದ್ದರಿಂದ ಸರ್ವರಿಗೆ ಅದು ಗೊತ್ತಿಲ್ಲ. ಅಷ್ಟರಲ್ಲಿ ಡಿಸೈನರ್ ಅದೇ ಫೈಲು ಕೇಳುತ್ತಾನೆ. ಸರ್ವರ್ ಭದ್ರಾವತಿಗೆ ಹೇಳಿ ಕಳಿಸಿ ಕಾಯುತ್ತದೆ. ಕಾಯುತ್ತಿರುವಾಗಲೇ ಅದರ ಇನ್ನೊಂದು ಭಾಗ, ಈ ಸಂಪರ್ಕ ಸತ್ತಿದೆ ಎಂದು ಗುರುತನ್ನೇ ಅಳಿಸಿಹಾಕುತ್ತದೆ. ಅಳಿಸಿದ ಜಾಗಕ್ಕೆ ಮೊದಲ ಭಾಗ ಕೈಹಾಕುತ್ತದೆ. ಹಳೆಯ ಸೇವೆಯಲ್ಲಿ ಹೀಗೇನಾದರೂ ಆಗಿದ್ದರೆ ಆ ಒಂದು ಪ್ರೋಗ್ರಾಮ್ ಬಿದ್ದು ಎದ್ದಿರುತ್ತಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಇದು ಕರ್ನಲ್ಲಿನ ಒಳಗೇ ಕೂತಿದ್ದರಿಂದ ಇಡೀ ಯಂತ್ರವನ್ನು ಜೊತೆಗೆ ಎಳೆದುಕೊಂಡು ಬಿದ್ದಿತು. ಮೂರು ತಿಂಗಳು ಏನೂ ಆಗದಿದ್ದದ್ದು ಇಬ್ಬರೂ ಬೇರೆ ಬೇರೆ ಫೈಲುಗಳಲ್ಲಿದ್ದ ಕಾರಣ. ಪಂಪು ಬಂದ ಮೇಲೆ ಇಬ್ಬರದೂ ಒಂದೇ ಫೈಲು. ಬುಧವಾರ ಕೇಳಲು ಡಿಸೈನರ್ ಇರಲಿಲ್ಲ.

ಮರದ ಕೆಳಗೆ ಕೂತೇ ಲೆಕ್ಕ ಹಾಕಿದೆ. ಸುಲಭದ ದಾರಿ ಎರಡಿದ್ದವು. ಮೇಸ್ತ್ರಿಗೆ ಇನ್ನು ಮೇಲೆ ಬ್ಯಾಟರಿ ಡಬ್ಬಿ ಮುಟ್ಟಬೇಡಿ ಎನ್ನುವುದು ಒಂದು. ಆಪರೇಟರ್ ಫೈಲು ಮುಚ್ಚದೆ ಎದ್ದು ಹೋಗುತ್ತಿದ್ದಳು, ಇನ್ನು ಸರಿ ಮಾಡಿಕೊಳ್ಳುತ್ತಾಳೆ ಎಂದು ಮಾಲೀಕರಿಗೆ ವರದಿ ಕೊಡುವುದು ಇನ್ನೊಂದು. ಎರಡರಲ್ಲಿ ಯಾವುದು ಮಾಡಿದರೂ ಸರ್ವರ್ ಬೀಳುವುದು ನಿಲ್ಲುತ್ತಿತ್ತು, ನನ್ನ ಹೆಸರೂ ಉಳಿಯುತ್ತಿತ್ತು. ನಿಜ ಹೇಳಬೇಕೆಂದರೆ ಎರಡನೆಯದರ ವಾಕ್ಯಗಳು ಮನಸ್ಸಿನಲ್ಲಿ ಆಗಲೇ ಜೋಡಣೆಯಾಗತೊಡಗಿದ್ದವು. ಶಿವಮೊಗ್ಗದ ಈ ಕಸುಬಿನಲ್ಲಿ ನನ್ನ ಹಾಗೆ ಒಬ್ಬಳೇ ಓಡಾಡುವ ಹೆಂಗಸರು ಕಡಿಮೆ. ಒಂದು ತಪ್ಪು ಜನರ ಬಾಯಿಗೆ ಬಿದ್ದರೆ ಅದನ್ನು ಆಡಿಕೊಳ್ಳುವವರಿಗೆ ಕೊರತೆಯಿಲ್ಲ. ಆಪರೇಟರ್ ಪಕ್ಕದಲ್ಲಿ ಡಬ್ಬಿ ಮುಚ್ಚಲು ಹೊರಟಿದ್ದಳು. "ಇನ್ನೊಂದು ಹಾಕ್ಲಾ ಮೇಡಂ? ಏನೂ ತಿನ್ಲೇ ಇಲ್ಲ ನೀವು," ಎಂದಳು.

ಮಾಲೀಕರಿಗೆ ಫೋನ್ ಮಾಡಿದೆ. "ಸರ್, ಸರ್ವರ್ ಆನ್ ಮಾಡ್ಸಿ, ನೀವೇ ಅದರ ಮುಂದೆ ಬಂದು ನಿಂತ್ಕೊಳ್ಳಿ. ಮೊದ್ಲು ಎಲ್ಲ ಫೈಲ್ ಬ್ಯಾಕಪ್ ತಗೋತೀನಿ. ಆಮೇಲೆ ನಾನಾಗೇ ಅದನ್ನ ಬೀಳಿಸಿ ತೋರಿಸ್ತೀನಿ."

"ಬೀಳಿಸ್ತೀರಾ? ತಲೆಗಿಲೆ ಸರಿ ಇದೆಯಾ ಮೇಡಂ?"

"ಸರಿ ಇದೆ ಸರ್. ಒಂದೇ ಒಂದ್ಸಲ."

ನನ್ನ ಫೋನಿನ ಇಂಟರ್‌ನೆಟ್ಟಿಗೆ ನನ್ನ ಲ್ಯಾಪ್‌ಟಾಪ್ ಜೋಡಿಸಿಕೊಂಡೆ, ಶೆಡ್ಡಿನ ಮೈನ್ ಇಳಿದರೂ ನಾನು ಸರ್ವರಿನ ಸಂಪರ್ಕದಲ್ಲಿರಬೇಕಿತ್ತು. ಡ್ರಾಯಿಂಗುಗಳೆಲ್ಲ ಹೊರಗಿನ ಡಿಸ್ಕಿಗೆ ನಕಲಾಗಲು ಒಂದು ಗಂಟೆಯ ಮೇಲೆ ಹಿಡಿಯಿತು. ಪಂಪಿನ ಫೈಲಿನ ಒಂದು ಪ್ರತಿ ಮಾಡಿ, ಪರೀಕ್ಷೆಗೆಂದು ಬೇರೆ ಹೆಸರಿಟ್ಟೆ. ಆಪರೇಟರ್ ಅದನ್ನು ತೆರೆದಳು. ಮೇಸ್ತ್ರಿಗೆ ಹೇಳಿದೆ, "ಈಗ ಇಳಿಸಿ."

"ಸೈರನ್ ಇಲ್ದೆನೇ?" ಎಂದು ಹಿಂಜರಿದರು. ಆಮೇಲೆ ಮೈನ್ ಎಳೆದರು, ಬ್ಯಾಟರಿ ಡಬ್ಬಿಯನ್ನೂ ಆರಿಸಿದರು. ನಾನು ಫೋನಿನಲ್ಲಿ ಡಿಸೈನರಿಗೆ ತೆರೆಯಲು ಹೇಳಿದೆ. ಹತ್ತು ಸೆಕೆಂಡು, ಇಪ್ಪತ್ತು, ಮೂವತ್ತು. ನಲವತ್ತರ ಹತ್ತಿರ ನನ್ನ ಪರದೆ ಕಲ್ಲಾಗಿ ನಿಂತಿತು. ಫೋನಿನಲ್ಲಿ ಮಾಲೀಕರ ದನಿ ಕೇಳಿತು: "ದೀಪ ಮಿಣುಕ್ತಾ ಇದೆ."

"ಅಂದ್ರೆ ಮೇಸ್ತ್ರಿದು ತಪ್ಪು," ಎಂದರು ಮರುಕ್ಷಣ.

ಮೇಸ್ತ್ರಿ ಎದುರಿಗೇ ನಿಂತಿದ್ದರು. ಫೋನು ಸ್ಪೀಕರಿನಲ್ಲಿತ್ತು. ಅವರು ಮೈನಿನ ಹಿಡಿಯ ಮೇಲಿಂದ ಕೈ ತೆಗೆದು ಹಿಂದಕ್ಕೆ ಕಟ್ಟಿಕೊಂಡರು.

"ಅಲ್ಲ ಸರ್," ಎಂದೆ. "ಮೈನ್ ಇಳಿಸೋದು ಸರಿ. ಆಪರೇಟರ್ದೂ ತಪ್ಪಿಲ್ಲ, ಅವ್ರು ನಾನು ಹೇಳ್ಕೊಟ್ಟ ಹಾಗೇ ಮಾಡಿದಾರೆ. ಯಾರಾದ್ರೂ ಹೇಳ್ದೆ ಎದ್ದು ಹೋದ್ರೆ ಬೀಳೋ ಸರ್ವರ್ ಹಾಕಿದ್ದು ನಾನು. ಸ್ಪೀಡ್ ಆಗ್ಲಿ ಅಂತ ಮೂರು ತಿಂಗ್ಳ ಹಿಂದೆ ಹಾಕ್ದೆ. ಹಾಕೋ ಮುಂಚೆ ಹೀಗೊಂದ್ಸಲ ತಂತಿ ಕಿತ್ತು ನೋಡ್ಬೇಕಿತ್ತು. ನೋಡ್ಲಿಲ್ಲ. ಈಗ ಹಳೇದನ್ನೇ ವಾಪಸ್ ಹಾಕ್ತೀನಿ. ನಿಧಾನ ಆಗತ್ತೆ, ಆದ್ರೆ ಬೀಳಲ್ಲ."

ಆಫೀಸಿನ ಕೆಳಗಿನ ಪಾತ್ರೆ ಅಂಗಡಿಯಲ್ಲಿ ಯಾರೋ ಕೊಡ ಬಡಿದು ನೋಡುತ್ತಿದ್ದದ್ದು ಫೋನಿನಲ್ಲಿ ಕೇಳುತ್ತಿತ್ತು.

"ನಿನ್ನೆನೇ ಹೇಳಿದ್ರೆ ಆಗ್ತಿರ್ಲಿಲ್ವಾ ಮೇಡಂ," ಎಂದರು ಮಾಲೀಕರು. "ಬೆಳಿಗ್ಗೆ ಎಂಟಕ್ಕೇ ಫೋನ್ ಮಾಡಿ ಅವ್ಳಿಗೆ ಸೋಮವಾರದಿಂದ ಬರ್ಬೇಡ ಅಂದ್ಬಿಟ್ಟಿದೀನಿ."

ತಿರುಗಿ ನೋಡಿದೆ. ಅವಳು ತನ್ನ ನೋಟ್‌ಬುಕ್ಕಿನ ಪುಟಗಳನ್ನು ಸರಿಮಾಡುತ್ತ ಕೂತಿದ್ದಳು. ಬೆಳಿಗ್ಗೆಯಿಂದ ಬರೆಯುತ್ತಿದ್ದದ್ದು ಅವಳಿಗಾಗಿ ಅಲ್ಲ, ಸೋಮವಾರ ಬರುವವರಿಗಾಗಿ. ಎಲ್ಲ ಗೊತ್ತಿದ್ದೇ ನನ್ನ ಪಕ್ಕ ಕೂತು ಕೆಲಸ ತೋರಿಸಿದ್ದಳು. ಎಲ್ಲ ಗೊತ್ತಿದ್ದೇ ಚಪಾತಿ ಹಾಕಿಕೊಟ್ಟಿದ್ದಳು.

"ಸರ್, ಅವ್ರು ಇಲ್ಲೇ ಕೇಳಿಸ್ಕೊಳ್ತಾ ಇದಾರೆ," ಎಂದೆ. "ನೀವೇ ಹೇಳ್ಬಿಡಿ."

ಮಾಲೀಕರು ಕೆಮ್ಮಿದರು. "ನೋಡಮ್ಮ, ಬೆಳಿಗ್ಗೆ ಹೇಳಿದ್ದು ಮರ್ತುಬಿಡು. ಸೋಮವಾರ ಬಾ. ಆ ಪಂಪು ಮುಗಿಸ್ಬೇಕು." ಅವಳು "ಆಯ್ತು ಸರ್" ಎಂದಳು. ಮೇಸ್ತ್ರಿ ದೊಡ್ಡದಾಗಿ ಉಸಿರು ಬಿಟ್ಟು, "ಬೆಳಿಗ್ಗೆಯಿಂದ ಬಾಯೇ ಬಿಟ್ಟಿಲ್ವಲ್ಲ ಮಾರಾಯ್ತಿ, ನಂಗಾದ್ರೂ ಹೇಳ್ಬಾರ್ದಾ?" ಎಂದು ಅವಳನ್ನು ಗದರಿದರು.

ಹಳೆಯ ಸೇವೆಯನ್ನು ಮತ್ತೆ ಹಾಕಿ, ಅದೇ ಪರೀಕ್ಷೆಯನ್ನು ಮೂರು ಸಲ ಮಾಡಿದೆ. ಮೂರು ಸಲವೂ ಮೇಸ್ತ್ರಿ ಮೈನ್ ಇಳಿಸಿದರು, ಮೂರು ಸಲವೂ ಡಿಸೈನರ್ ಸ್ವಲ್ಪ ಕಾದ, ಫೈಲು ತೆರೆಯಿತು, ಸರ್ವರ್ ಬೀಳಲಿಲ್ಲ. ಐದೂವರೆಗೆ ಶೆಡ್ಡಿನ ಬಾಗಿಲು ಹಾಕಿದರು.

ಬಸ್ ಸ್ಟಾಪಿನವರೆಗೆ ಅವಳೂ ಬಂದಳು. ಅವಳ ಮನೆ ಆ ಕಡೆ ಅಲ್ಲ. ನನಗೆ ಸುಸ್ತಾಗಿ ಕಂಬಕ್ಕೆ ಒರಗಿದ್ದೆ.

"ಮೇಡಂ, ಒಂದ್ ಕೇಳ್ಲಾ?"

"ಕೇಳಮ್ಮ."

"ಸರ್ ಬೆಳಿಗ್ಗೆ ಅಂದ್ರು, ಕಂಪ್ಯೂಟರಲ್ಲಿ ಪ್ರತಿ ಸಲ ನಿನ್ ಹೆಸರೇ ಬಂದಿದೆ ಅಂತ. ಅವ್ರಿಗೆ ಅದನ್ನೆಲ್ಲ ನೋಡೋಕೆ ಬರಲ್ಲ. ಯಾರು ಹೇಳಿದ್ದು?"

ಬಸ್ಸು ಬರುತ್ತಿದ್ದದ್ದು ಕಂಡಿತು. ಬೇರೆ ಏನಾದರೂ ಹೇಳಿ ಹತ್ತಿಬಿಡಬಹುದಿತ್ತು.

"ನಾನೇ," ಎಂದೆ. "ನಿನ್ನೆ ಮಧ್ಯಾಹ್ನ. ತಪ್ಪಾಯ್ತು."

ಅವಳು ತಲೆಯಾಡಿಸಿದಳು. ಸಿಟ್ಟಾಗಲಿಲ್ಲ, ಪರವಾಗಿಲ್ಲ ಎಂದೂ ಅನ್ನಲಿಲ್ಲ. "ಬಸ್ ಬಂತು ಮೇಡಂ," ಎಂದಷ್ಟೇ ಹೇಳಿ, ನನ್ನ ಚೀಲವನ್ನು ಕೈಗೆ ಕೊಟ್ಟಳು.

ಸೋಮವಾರ ಅವಳು ಕೆಲಸಕ್ಕೆ ಬಂದಳು. ಪಂಪಿನ ಪ್ಯಾಟರ್ನ್ ಹೊತ್ತಿಗೆ ಸರಿಯಾಗಿ ಹೋಯಿತು. ಡ್ರಾಯಿಂಗ್ ತೆರೆಯುವುದು ನಿಧಾನ ಎಂದು ಮಾಲೀಕರು ಮತ್ತೆ ಗೊಣಗಲು ಶುರುಮಾಡಿದ್ದಾರೆ, ಈಗ ನಾನು ಕೆಳಗೆ ಹೋಗಿ ಕಾಫಿ ಕುಡಿದು ಬನ್ನಿ ಸರ್ ಎನ್ನುತ್ತೇನೆ. ಭದ್ರಾವತಿಯಲ್ಲಿ ಒಂದು ಗಂಟೆಗೆ ಸರಿಯಾಗಿ ಮೈನ್ ಇಳಿಯುತ್ತದೆ.

ಆ ಸೋಮವಾರ ಒಂದು ಗಂಟೆಗೆ ಎರಡು ನಿಮಿಷ ಇರುವಾಗ ನನ್ನ ಫೋನಿಗೆ ಒಂದು ಮೆಸೇಜ್ ಬಂತು. ಆಪರೇಟರ್ ಕಂಪ್ಯೂಟರಿನ ಪರದೆಯ ಫೋಟೋ, ಎಲ್ಲ ಕಿಟಕಿಗಳೂ ಮುಚ್ಚಿವೆ, ಮೂಲೆಯಲ್ಲಿ ಸಮಯ ಕಾಣುತ್ತದೆ. ಕೆಳಗೆ ಒಂದೇ ಸಾಲು: "ಫೈಲ್ ಕ್ಲೋಸ್ ಮಾಡಿದ್ದೀನಿ ಮೇಡಂ." ಇನ್ನು ಅದರ ಅಗತ್ಯವಿಲ್ಲ, ತೆರೆದೇ ಇಟ್ಟು ಹೋದರೂ ಏನೂ ಆಗುವುದಿಲ್ಲ ಎಂದು ಫೋನ್ ಮಾಡಿ ಬಿಡಿಸಿ ಹೇಳಿದೆ. "ಗೊತ್ತು ಮೇಡಂ. ಇರ್ಲಿ, ನನ್ ಹತ್ರ ಒಂದು ಸಾಕ್ಷಿ ಇರ್ಲಿ," ಎಂದಳು.

ಮಂಗಳವಾರವೂ ಬಂತು, ಬುಧವಾರವೂ ಬಂತು. ತಿಂಗಳುಗಳಾದವು, ಇನ್ನೂ ಬರುತ್ತಿದೆ. ನಿಲ್ಲಿಸು ಎಂದು ಮತ್ತೆ ಹೇಳುವ ಬಾಯಿ ನನಗಿಲ್ಲ. ಎಲ್ಲಿದ್ದರೂ, ಯಾವ ಮೇಜಿನ ಕೆಳಗೆ ತಂತಿ ಹುಡುಕುತ್ತಿದ್ದರೂ, ಒಂದು ಗಂಟೆಯ ಹೊತ್ತಿಗೆ ಫೋನ್ ತೆಗೆದು ಆ ಫೋಟೋ ನೋಡುತ್ತೇನೆ. "ನೋಡಿದೆ" ಎಂದು ಬರೆದು ಕಳಿಸುತ್ತೇನೆ.